ಬಲ್ಬಾ, ಟಾರ್ಚಾ?

ಕೇಳುಗರಿಗೆಲ್ಲ ನಮಸ್ಕಾರ. ಕರೆಂಟ್ ಬಂತೆಂದು ಟಾರ್ಚ್ ಹಿಡಿದು ಪಂಪ್‌ಸೆಟ್ ಕಡೆ ಹೊರಟವರೂ ಈಗ ಕೇಳುತ್ತಿರಬಹುದು. ಕೈಯಲ್ಲಿರುವ ಆ ಟಾರ್ಚನ್ನೇ ನೋಡಿ. ಮುಖಕ್ಕೆ ಬಿಟ್ಟರೆ ಕಣ್ಣು ಕುಕ್ಕುತ್ತದೆ. ಒಳಗಿರುವುದು ಎರಡೇ ಶೆಲ್. ಬೆಳಕೆಲ್ಲ ಒಂದೇ ಕಡೆ ಹೋಗುತ್ತಿದೆ, ಅಷ್ಟೇ. ಆಕಾಶದ ಭಾರಿ ಸಿಡಿತಗಳ ಬಗ್ಗೆ ನಾನು ಹೇಳಲು ಬಂದಿರುವುದೂ ಇದೊಂದೇ ಮಾತು.

ಭಾರಿ ನಕ್ಷತ್ರ ಕುಸಿದು ಕಪ್ಪುಕುಳಿಯಾಗುವಾಗ ಕೆಲವು ಸಲ ಗಾಮಾ ಕಿರಣಗಳು, ಅಂದರೆ ಎಕ್ಸ್‌ರೇಗಿಂತಲೂ ಬಲವಾದ ಕಿರಣಗಳು, ಸಿಡಿಯುತ್ತವೆ. ಆ ಸಿಡಿತದ ಶಕ್ತಿ ಎಷ್ಟು?

1999ರ ಜನವರಿ 23ರ ಕಥೆ ಕೇಳಿ. ಉಪಗ್ರಹವೊಂದು ಇಂಥ ಸಿಡಿತ ಕಂಡು ಕೂಡಲೇ ಸುದ್ದಿ ಕೊಟ್ಟಿತು. ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ರಾಟ್ಸಿ ಎಂಬ ಪುಟ್ಟ ಯಂತ್ರವಿತ್ತು. ದೊಡ್ಡ ದೂರದರ್ಶಕವೇನಲ್ಲ, ಫೋಟೋ ತೆಗೆಯುವವರು ಬಳಸುವಂಥ ನಾಲ್ಕು ಟೆಲಿಫೋಟೋ ಲೆನ್ಸ್! ಯಾರೂ ಮುಟ್ಟದೆ ಅದು ತಾನೇ ಆ ಕಡೆ ತಿರುಗಿತು. ಸಿಡಿತ ಶುರುವಾದ 22ನೇ ಸೆಕೆಂಡಿಗೆ ಮೊದಲ ಚಿತ್ರ. ನಿಮಿಷ ತುಂಬುವುದರೊಳಗೆ ಬೆಳಕು ಎಷ್ಟು ಏರಿತೆಂದರೆ, ಒಳ್ಳೆಯ ಬೈನಾಕ್ಯುಲರ್ ಇದ್ದಿದ್ದರೆ ಅಂಗಳದಲ್ಲಿ ನಿಂತೇ ನೋಡಬಹುದಿತ್ತು. ಆ ಬೆಳಕು ಹೊರಟು 900 ಕೋಟಿ ವರ್ಷ ದಾಟಿತ್ತು. ಆಗ ನಮ್ಮ ಭೂಮಿಯೇ ಹುಟ್ಟಿರಲಿಲ್ಲ. ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಲೆಕ್ಕ ಹಾಕಿದರು. ಎಲ್ಲ ದಿಕ್ಕಿಗೂ ಅಷ್ಟೇ ಬೆಳಕು ಹೋಗಿದೆ ಎಂದು ಹಿಡಿದರೆ, ನಮ್ಮ ಸೂರ್ಯನನ್ನು ಗುಲಗಂಜಿಯಷ್ಟೂ ಉಳಿಸದೆ ಶಕ್ತಿಯಾಗಿ ಕರಗಿಸಿದರೂ ಸಾಲದು! ಈಗಲೂ ಕೆಲವರು ಈ ಲೆಕ್ಕವನ್ನೇ ಹೇಳಿ ಸುಮ್ನೆ ಬೆರಗು ಹುಟ್ಟಿಸುತ್ತಾರೆ. ದಯವಿಟ್ಟು ಮೊದಲು ಕೇಳಿ: ಅದು ಬಲ್ಬಾ, ಟಾರ್ಚಾ?

ಉತ್ತರಕ್ಕೆ ಎರಡು ದಿನ ಕಾಯಬೇಕಾಯಿತು. ಸಿಡಿತದ ಹಿಂದೆ ಉಳಿದ ಮಂದ ಬೆಳಕು ಅಲ್ಲಿಯವರೆಗೆ ಒಂದೇ ಲೆಕ್ಕದಲ್ಲಿ ಇಳಿಯುತ್ತಿತ್ತು. ಆಮೇಲೆ ಸರ್ರನೆ ಇಳಿಯತೊಡಗಿತು. ಕುಸಿದ ನಕ್ಷತ್ರದಿಂದ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ನುಗ್ಗುವ ಧಾರೆಯ ಒಂದು ಚೂರು ಮಾತ್ರ ನಮಗೆ ಮೊದಲು ಕಾಣುತ್ತದೆ. ವೇಗ ತಗ್ಗಿದ ಹಾಗೆ ಜಾಸ್ತಿ ಭಾಗ ಕಾಣುತ್ತದೆ. ಕೊನೆಗೆ ಅಂಚು ಬರುತ್ತದೆ. ಅದರಾಚೆ ಕತ್ತಲೆ, ಅದಕ್ಕೇ ಬೆಳಕು ಸರ್ರನೆ ಇಳಿಯುವುದು. ಅಂಚು ಎಷ್ಟು ಹೊತ್ತಿಗೆ ಬಂತು ಎನ್ನುವುದರಿಂದಲೇ ಧಾರೆಯ ಅಗಲ ತಿಳಿಯುತ್ತದೆ. ಅಂದರೆ ಅದು ಟಾರ್ಚೇ! ನಡುವಿನಿಂದ ಅಂಚಿಗೆ ಐದು ಡಿಗ್ರಿ ಎನ್ನಿ. ವಿರುದ್ಧ ದಿಕ್ಕಿಗೆ ಹೊರಡುವ ಎರಡು ಧಾರೆ ಸೇರಿಸಿದರೂ ಮೊದಲಿನ ಲೆಕ್ಕವನ್ನು ಸುಮಾರು 260ರಿಂದ ಭಾಗಿಸಬೇಕು.

ಸಮಯ ಮುಗಿಯುತ್ತಾ ಬಂತು. 2022ರ ಅಕ್ಟೋಬರ್ 9ರಂದು ಕಂಡದ್ದು ಇದುವರೆಗಿನ ಅತಿ ಪ್ರಖರ ಸಿಡಿತ. ಅದರ ಧಾರೆಯ ಪ್ರಖರ ಭಾಗ ನಡುವಿನಿಂದ ಅಂಚಿಗೆ ಒಂದು ಡಿಗ್ರಿಯಷ್ಟೂ ಇಲ್ಲ ಎಂದು ಚೀನಾದ ಲಾಸೊ ವೀಕ್ಷಣಾಲಯದವರು ಲೆಕ್ಕ ಹಾಕಿದ್ದಾರೆ. ಟಾರ್ಚ್ ಅಂದಮೇಲೆ ನಮ್ಮ ಕಡೆ ತಿರುಗದವೂ ಇರಬೇಕು ಅಲ್ವಾ? ನಮಗೆ ಕಂಡ ಒಂದೊಂದಕ್ಕೂ ಕಾಣದೇ ಹೋದವು ನೂರಾರು. ನಮಸ್ಕಾರ.