ಬಾಣಂತಿಯ ಅಳು ಮತ್ತು ಮಿದುಳಿನ ಸ್ಟೀರಾಯ್ಡ್

ಕೇಳುಗರಿಗೆ ನಮಸ್ಕಾರ. ಬಾಣಂತಿ ಮಂಚದ ಮೇಲೆ ಕೂತು ಸುಮ್ನೆ ಅಳುತ್ತಿದ್ದರೆ, "ಇಷ್ಟು ಚೆಂದದ ಮಗು ಹುಟ್ಟಿದೆ, ನಿನಗೇನಮ್ಮ ಕಡಿಮೆಯಾಗಿದೆ?" ಎಂದು ಕೇಳುವವರು ನಮ್ಮಲ್ಲಿ ಜಾಸ್ತಿ. ಕಡಿಮೆಯಾಗಿರುವುದು ನಿಜ, ಅದೂ ಅವಳ ಮಿದುಳಿನಲ್ಲಿ.

ನಮ್ಮ ಮಿದುಳು ಕೊಲೆಸ್ಟರಾಲ್‌ನಿಂದ ತಾನೇ ಸ್ಟೀರಾಯ್ಡ್ ಎಂಬ ರಾಸಾಯನಿಕಗಳನ್ನು ತಯಾರಿಸಿಕೊಳ್ಳುತ್ತದೆ. 1981ರಲ್ಲಿ ಫ್ರಾನ್ಸಿನ ವಿಜ್ಞಾನಿ ಎಟಿಯೆನ್ ಎಮಿಲ್ ಬೋಲ್ಯೂ ಇವನ್ನು ನ್ಯೂರೋಸ್ಟೀರಾಯ್ಡ್ ಎಂದು ಕರೆದರು. ಅವುಗಳಲ್ಲಿ ಅಲೋಪ್ರೆಗ್ನನೋಲೋನ್ ಎಂಬುದೊಂದಿದೆ. ಇದು ಪ್ರೊಜೆಸ್ಟರಾನ್ ಹಾರ್ಮೋನಿನಿಂದ ಆಗುತ್ತದೆ. ನರಕೋಶಗಳನ್ನು ತಣ್ಣಗಿಡುವ ಗಾಬಾ ಎಂಬ ರಾಸಾಯನಿಕ ಇದೆಯಲ್ಲ, ಅದು ಕೋಶದ ಮೇಲೆ ಬಂದು ಕೂರುವ ಗ್ರಾಹಕಕ್ಕೇ, ಅಂದರೆ ರಿಸೆಪ್ಟರಿಗೇ, ಇದೂ ಇನ್ನೊಂದು ಬದಿಯಿಂದ ಅಂಟಿಕೊಂಡು ಗಾಬಾದ ಕೈ ಬಲಪಡಿಸುತ್ತದೆ, ಆಗ ಕೋಶದೊಳಗೆ ಕ್ಲೋರೈಡ್ ಹೆಚ್ಚು ನುಗ್ಗಿ ಅದರ ಚಡಪಡಿಕೆ ಇಳಿಯುತ್ತದೆ.

ಇಲಿಗಳನ್ನು ನೀರಿಗೆ ಬಿಟ್ಟು ಈಜಿಸಿದಾಗ, ಆ ಗಾಬರಿಯಲ್ಲೇ ಅವುಗಳ ಮಿದುಳಿನಲ್ಲಿ ಅಲೋಪ್ರೆಗ್ನನೋಲೋನ್ ಮಟ್ಟ ಏರಿದ್ದು ಕಂಡಿದೆ. ಅಂದರೆ ಒತ್ತಡ ಬಂದಾಗ ಅದನ್ನು ಇಳಿಸುವ ಏರ್ಪಾಡೂ ಒಳಗೇ ಇದೆ. ಆದರೆ ವಾರಗಟ್ಟಲೆ ಒಂಟಿಯಾಗಿಟ್ಟರೆ ಮಟ್ಟ ಕುಸಿಯುತ್ತದೆ, ಅಂಜಿಕೆ ಹೆಚ್ಚುತ್ತದೆ. ಇಲಿಯ ಮಾತನ್ನು ಹಾಗೇ ಮನುಷ್ಯರಿಗೆ ಹಚ್ಚಬಾರದು, ನಿಜ. ಆದರೂ ಯೋಚಿಸಬೇಕಾದ ಸಂಗತಿ, ಅಲ್ವಾ?

ಈಗ ಬಾಣಂತಿಯ ವಿಷಯ. ಬಸುರಿನಲ್ಲಿ ತಿಂಗಳು ತುಂಬಿದಂತೆಲ್ಲ ಈ ಸ್ಟೀರಾಯ್ಡ್ ಏರುತ್ತಾ ಹೋಗುತ್ತದೆ, ಹೆರಿಗೆಯಾದ ಮೇಲೆ ದಿಢೀರನೆ ಇಳಿಯುತ್ತದೆ. ಈ ಇಳಿತ ಎಲ್ಲ ತಾಯಂದಿರಲ್ಲೂ ಆಗುವಂಥದ್ದೇ, ಆದರೆ ಕೆಲವರ ಮಿದುಳು ಅದಕ್ಕೆ ಬೇಗ ಹೊಂದಿಕೊಳ್ಳುವುದಿಲ್ಲ ಎಂದು ಸಂಶೋಧಕರು ಭಾವಿಸುತ್ತಾರೆ. ಇದೇ ಜಾಡು ಹಿಡಿದು ಬಾಣಂತಿಯರ ಖಿನ್ನತೆಗೆ ಔಷಧಿಯೂ ಬಂತು. 2019ರಲ್ಲಿ ಅಮೆರಿಕದಲ್ಲಿ ಬ್ರೆಕ್ಸನೋಲೋನ್‌ಗೆ ಒಪ್ಪಿಗೆ ಸಿಕ್ಕಿತು. ಅದು ಅಲೋಪ್ರೆಗ್ನನೋಲೋನೇ, ಆಸ್ಪತ್ರೆಯಲ್ಲಿ ಮಲಗಿಸಿ 60 ಗಂಟೆ ಡ್ರಿಪ್ ಕೊಡಬೇಕಿತ್ತು. ಹಸುಗೂಸಿನ ತಾಯಿಗೆ ಅದು ಎಷ್ಟು ಕಷ್ಟ! 2023ರಲ್ಲಿ ಅದೇ ಬಗೆಯ ಜುರನೋಲೋನ್ ಮಾತ್ರೆ ಬಂತು, ದಿನಕ್ಕೊಮ್ಮೆ, 14 ದಿನ. ತುಂಬಾ ಮಂಪರು ತರುವುದರಿಂದ ನುಂಗಿದ ಮೇಲೆ 12 ಗಂಟೆ ಗಾಡಿ ಓಡಿಸುವಂತಿಲ್ಲ.

ನನಗೆ ಇಲ್ಲಿ ಮುಖ್ಯ ಅನ್ನಿಸುವುದು ಮಾತ್ರೆಗಿಂತ ಬೇರೆ. ದೃಷ್ಟಿ ತಾಗಿದೆ, ಗಾಳಿ ಸೋಕಿದೆ, ಹಟ ಮಾಡುತ್ತಾಳೆ ಎಂದೆಲ್ಲ ಅವಳ ತಲೆಗೆ ಕಟ್ಟುತ್ತೇವಲ್ಲ, ಅದು ನಿಲ್ಲಬೇಕು. ಮೊದಲ ಕೆಲವು ದಿನಗಳ ಅಳು ಬಹಳಷ್ಟು ಸಲ ತಾನಾಗಿ ಹೋಗುತ್ತದೆ. ಎರಡು ವಾರ ದಾಟಿದರೆ, ಮಗು ಮಲಗಿದಾಗಲೂ ಅವಳಿಗೆ ನಿದ್ದೆ ಬರದಿದ್ದರೆ, ವೈದ್ಯರಿಗೆ ತೋರಿಸಿ. ಸಾಯುವ ಮಾತಾಡಿದರಂತೂ ಒಂದು ದಿನವೂ ಕಾಯಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೇ ದಾಖಲು ಮಾಡಿಕೊಳ್ಳುವ ವಾರ್ಡ್ ಇದೆ. ದೂರದ ಊರಿನವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, ನಂಬರ್ 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.