ಸಾವಕಾಶ ಮಾತಾಡುವ ಮನುಷ್ಯ

ಕೇಳುಗರೇ, ನಮಸ್ಕಾರ.

ಫ್ರೆಡ್ ರಾಜರ್ಸ್ ಅಂತ ಒಬ್ಬರಿದ್ದರು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿದ್ದು, ಟಿವಿಯಲ್ಲಿ ಮಕ್ಕಳ ಜೊತೆ ಮಾತಾಡೋದನ್ನೇ ಕೆಲಸ ಮಾಡಿಕೊಂಡವರು. ‘ಮಿಸ್ಟರ್ ರಾಜರ್ಸ್ ನೇಬರ್‌ಹುಡ್’ ಅನ್ನೋ ಅವರ ಕಾರ್ಯಕ್ರಮ 1968ರಿಂದ 2001ರವರೆಗೆ ಆ ದೇಶದ ತುಂಬ ಬಂತು. 2003ರಲ್ಲಿ ತೀರಿಕೊಂಡರು. ಹುಬ್ಬಳ್ಳಿಯಲ್ಲಿ ಬೆಳೆದ ನಮ್ಮಂಥವರಿಗೆ ಅವರ ಹೆಸರೂ ಗೊತ್ತಿರಲಿಲ್ಲ. ನಾನು ನೋಡಿದ್ದು ಈಗ, ತಲೆ ಬೆಳ್ಳಗಾದ ಮೇಲೆ, ಮೊಮ್ಮಗನ ಪಕ್ಕ ಕೂತು, ಮೊಬೈಲ್‌ನಲ್ಲಿ.

ಶುರುವಿನಲ್ಲಿ ಏನೂ ಆಗೋದೇ ಇಲ್ಲ. ಮನುಷ್ಯ ಬಾಗಿಲು ತೆಗೆದು ಹಾಡುತ್ತ ಒಳಗೆ ಬರುತ್ತಾರೆ, ಕೋಟು ತೆಗೆದು ನೇತು ಹಾಕುತ್ತಾರೆ, ಸ್ವೆಟರ್ ಹಾಕಿಕೊಂಡು ಜಿಪ್ಪು ಎಳೀತಾರೆ, ಆಮೇಲೆ ಕೂತು ಬೂಟು ಬಿಚ್ಚಿ, ಅದನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾರಿಸಿ ಹಿಡಿದು, ಕ್ಯಾನ್ವಾಸ್ ಬೂಟಿನ ಲೇಸು ಕಟ್ಟುತ್ತಾರೆ. ಅವರ ತಾಯಿ ಕೈಯಾರೆ ಸ್ವೆಟರ್ ಹೆಣೆದು ಕೊಡುತ್ತಿದ್ದರಂತೆ. ಅದರಲ್ಲಿ ಕೆಂಪು ಬಣ್ಣದ್ದೊಂದು ಈಗ ವಾಷಿಂಗ್ಟನ್ನಿನ ಮ್ಯೂಸಿಯಂನಲ್ಲಿದೆ.

“ಅಜ್ಜಾ, ಇಂವ ಯಾಕ ಇಷ್ಟು ಸಾವಕಾಶ ಮಾತಾಡ್ತಾನ?” ಅಂತ ಕೇಳಿದ ನಮ್ಮ ಹುಡುಗ. “ನಿನಗ ತಿಳೀಲಿ ಅಂತ.” “ನನಗ ಮೊದಲ ತಿಳೀತದಲ್ಲ!” ಅಂದ. ಆದರೆ ಎದ್ದು ಹೋಗಲಿಲ್ಲ.

ರಾಜರ್ಸ್ ಅಂದಕೂಡಲೇ ಎಷ್ಟು ಒಳ್ಳೆಯ ಮನುಷ್ಯ, ಎಷ್ಟು ಮೆದು ಅಂತ ಹೊಗಳುವವರೇ ಜಾಸ್ತಿ. ನನಗೆ ಅದು ಸಾಲದು ಅನಿಸುತ್ತೆ. ಒಳ್ಳೆಯವರು, ಮೆದು ಮಾತಿನವರು ನಮ್ಮ ಓಣಿಯಲ್ಲೂ ಇದ್ದಾರೆ. ರಾಜರ್ಸ್ ಅವರನ್ನು ನೋಡಿ ಬೆಳೆದವರು ಇವತ್ತು ತಾವೇ ಅಜ್ಜ-ಅಜ್ಜಿಯರಾಗಿ ಇನ್ನೂ ಅವರನ್ನು ನೆನೆಸ್ತಾರೆ ಅಂದರೆ, ಮಕ್ಕಳಿಗೆ ಅವರು ಸುಳ್ಳು ಹೇಳಲಿಲ್ಲ, ಅದಕ್ಕೇ.

1970ರ ಒಂದು ಕಂತು ನೋಡಿ. ಗಾಜಿನ ತೊಟ್ಟಿಯಲ್ಲಿ ಒಂದು ಮೀನು ಸತ್ತು ತಳದಲ್ಲಿ ಬಿದ್ದಿದೆ. ಬೇರೆ ಯಾರಾದರೂ ಆಗಿದ್ದರೆ ಹೊಸ ಮೀನು ತಂದು ಬಿಟ್ಟು ಮುಂದೆ ಹೋಗುತ್ತಿದ್ದರು. ಇವರು ಅದನ್ನು ಜಾಳಿಗೆಯಲ್ಲಿ ಎತ್ತಿ ಉಪ್ಪುನೀರಿಗೆ ಬಿಡುತ್ತಾರೆ, ಜೀವ ಬಂದೀತೇನೋ ಅಂತ. ಬರೋದಿಲ್ಲ. ಕಾಗದದಲ್ಲಿ ಸುತ್ತಿ, ಹೊರಗೆ ಹೋಗಿ, ಮಣ್ಣು ಅಗೆದು ಹೂಳುತ್ತಾರೆ. ಹೂಳಿದ ಮೇಲೆ ತಾವು ಸಣ್ಣವರಿದ್ದಾಗ ಸಾಕಿದ ನಾಯಿ ಸತ್ತದ್ದು, ತಾವು ಅತ್ತದ್ದು, ಅಜ್ಜಿ ಹೆಗಲ ಮೇಲೆ ಕೈ ಹಾಕಿದ್ದು, ಅಪ್ಪ ಹೂಳಬೇಕು ಅಂದಾಗ ತಮಗೆ ಮನಸ್ಸೇ ಇರಲಿಲ್ಲ ಅನ್ನೋದು, ಎಲ್ಲ ಹೇಳುತ್ತಾರೆ. ಇಷ್ಟೇ. ದುಃಖದ ವಾದ್ಯ ಬಾರಿಸೋದಿಲ್ಲ, ಉಪದೇಶ ಇಲ್ಲ. ನಮ್ಮ ಕಡೆ ಮನೆಯಲ್ಲಿ ಸಾವಾದರೆ ಏನು ಮಾಡ್ತೀವಿ? ಹುಡುಗರನ್ನ ಪಕ್ಕದ ಮನೆಗೆ ಕಳಿಸ್ತೀವಿ. ಅಜ್ಜಿ ಎಲ್ಲಿ ಅಂದರೆ “ಊರಿಗೆ ಹೋಗ್ಯಾಳ” ಅಂತೀವಿ. ಆ ಹುಡುಗ ಎಷ್ಟೋ ದಿನ ಊರಿನಿಂದ ಬರುವ ಬಸ್ಸಿನ ದಾರಿ ಕಾಯುತ್ತಾನೆ, ಅಲ್ವಾ?

ಹಾಗಂತ ಇದೆಲ್ಲ ಸುಮ್ನೆ ಬಾಯಿಗೆ ಬಂದದ್ದಲ್ಲ. ಮಾರ್ಗರೆಟ್ ಮೆಕ್‌ಫಾರ್ಲಂಡ್ ಅನ್ನೋ ಮಕ್ಕಳ ಮನಃಶಾಸ್ತ್ರಜ್ಞೆಯ ಹತ್ತಿರ ರಾಜರ್ಸ್ ವರ್ಷಗಟ್ಟಲೆ ಹೋಗಿ, ಮಗು ಯಾವುದಕ್ಕೆ ಹೆದರುತ್ತೆ, ಯಾಕೆ ಹೆದರುತ್ತೆ ಅಂತ ಕೂತು ಚರ್ಚೆ ಮಾಡುತ್ತಿದ್ದರು. ಸ್ನಾನದ ತೊಟ್ಟಿಯ ನೀರಿನ ಜೊತೆ ತಾನೂ ತೂತಿನಲ್ಲಿ ಹೋಗಿಬಿಡ್ತೀನಿ ಅಂತ ಕೆಲವು ಮಕ್ಕಳಿಗೆ ದಿಗಿಲು. ದೊಡ್ಡವರಿಗೆ ನಗು ಬರೋ ವಿಷಯ. ರಾಜರ್ಸ್ ನಗಲಿಲ್ಲ, ನೀನು ಅದರಲ್ಲಿ ಹಿಡಿಸೋದಿಲ್ಲ ಅಂತ ಒಂದು ಹಾಡನ್ನೇ ಕಟ್ಟಿದರು. ಕಣ್ಣು ಕಾಣದ ಒಬ್ಬ ಹುಡುಗಿಗೆ, ರಾಜರ್ಸ್ ತಮ್ಮ ಮೀನಿಗೆ ಊಟ ಹಾಕಿದರೋ ಇಲ್ಲವೋ ಅನ್ನೋ ಚಿಂತೆ. ದಯವಿಟ್ಟು ಬಾಯಿಬಿಟ್ಟು ಹೇಳಿ ಅಂತ ಅವಳ ಮನೆಯಿಂದ ಪತ್ರ ಬಂತು. ಆಮೇಲೆ ಮೀನಿಗೆ ಹಾಕುವಾಗ “ಈಗ ಹಾಕ್ತಿದ್ದೇನೆ” ಅಂತ ಹೇಳೋದನ್ನ ರೂಢಿ ಮಾಡಿಕೊಂಡರು. ರೇಡಿಯೊದಲ್ಲಿ ಮಾತಾಡುವ ನನಗೆ ಇದು ಬಹಳ ಹಿಡಿಸಿತು ಬಿಡಿ.

ಇನ್ನೊಂದು ಹೇಳಲೇಬೇಕು. ಅಮೆರಿಕದಲ್ಲಿ ಕಪ್ಪು ಜನ ಈಜುಕೊಳಕ್ಕೆ ಇಳಿದರೆ ಜಗಳ ಆಗುತ್ತಿದ್ದ ಕಾಲ. 1969ರಲ್ಲಿ ಒಂದು ದಿನ ರಾಜರ್ಸ್ ಸಣ್ಣದೊಂದು ಪ್ಲಾಸ್ಟಿಕ್ ತೊಟ್ಟಿಗೆ ನೀರು ಬಿಟ್ಟು ಕಾಲು ಇಳಿಸಿ ಕೂತಿದ್ದಾರೆ. ಬಿಸಿಲಲ್ಲಿ ಪೊಲೀಸ್ ಪಾತ್ರದ ಫ್ರಾಂಸ್ವಾ ಕ್ಲೆಮನ್ಸ್ ಬರುತ್ತಾರೆ, ಕಪ್ಪು ಗಾಯಕ. ಬನ್ನಿ, ಕಾಲು ತಣ್ಣಗೆ ಮಾಡಿಕೊಳ್ಳಿ ಅಂತಾರೆ ರಾಜರ್ಸ್. ಅದೇ ನೀರು, ಒರೆಸೋಕೆ ಅದೇ ಟವಲ್. ನಮ್ಮ ಹಳ್ಳಿಗಳ ಬಾವಿ, ಕೆರೆಗಳ ಕಥೆ ಗೊತ್ತಿದ್ದವರಿಗೆ ನಾನು ಬಿಡಿಸಿ ಹೇಳೋದು ಬೇಕಾಗಿಲ್ಲ.

ನಮ್ಮ ಹುಡುಗನಿಗೆ ಮಾತ್ರ ಇದ್ಯಾವುದೂ ಅಲ್ಲ, ಆ ಕಾರ್ಯಕ್ರಮದಲ್ಲಿ ತೋರಿಸುವ ಕ್ರೇಯಾನ್, ಅಂದರೆ ಮೇಣದ ಬಣ್ಣದ ಕಡ್ಡಿಯ ಫ್ಯಾಕ್ಟರಿಯ ಚಿತ್ರವೇ ಸೇರಿದ್ದು. ಮೇಣ ಕರಗೋದು, ಅಚ್ಚಿಗೆ ಹೊಯ್ಯೋದು, ಕಡ್ಡಿ ಹೊರಗೆ ಬರೋದು, ಕಾಗದ ಸುತ್ತೋದು, ಡಬ್ಬಿ ತುಂಬೋದು. ಇನ್ನೊಮ್ಮೆ, ಇನ್ನೊಮ್ಮೆ ಅಂತ ಹಾಕಿಸಿಕೊಂಡ. ಮಧ್ಯೆ ನಾನು ಕನ್ನಡದಲ್ಲಿ ಹೇಳುತ್ತ ಹೋದೆ.

ಹಾಗೆ ತೋರಿಸೋಕೆ ನಮ್ಮಲ್ಲೂ ಇದೆ: ಇಲ್ಲೇ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ತಯಾರಾಗುತ್ತೆ. ಬಟ್ಟೆಗೆ ಬಣ್ಣ ಹಾಕೋದು, ಬಿಳಿ ಪಟ್ಟಿಯ ಎರಡೂ ಬದಿಗೆ 24 ಕಡ್ಡಿಯ ಚಕ್ರ ಒಂದಕ್ಕೊಂದು ಸರಿ ಕೂರುವ ಹಾಗೆ ಅಚ್ಚು ಹಾಕೋದು, ಹೊಲಿಯೋದು. ಯಾರಾದರೂ ಕ್ಯಾಮೆರಾ ತಗೊಂಡು ಹೋಗಿ, ಗಡಿಬಿಡಿ ಸಂಗೀತ ಹಾಕದೆ, ಕೆಲಸ ಮಾಡುವ ಅಕ್ಕಂದಿರನ್ನೇ ಮಾತಾಡಿಸಿ, ಇಡೀ ಕೆಲಸ ಸಾವಕಾಶ ತೋರಿಸಿದರೆ ನಾವಿಬ್ಬರೂ ಕೂತು ನೋಡ್ತೀವಿ. ನಮಸ್ಕಾರ.