ಕಡಲನ್ನು ತಳ್ಳುವ ಗಾಳಿ

ಕೇಳುಗರಿಗೆ ನಮಸ್ಕಾರ. ರಾಯಚೂರಲ್ಲಿ ಕೂತವರಿಗೆ ಕಡಲಿನ ಮಾತು ಯಾಕ್ರೀ ಅಂತೀರಿ. ತುಂಗಭದ್ರಾ ಡ್ಯಾಂ ತುಂಬುವುದು ಮಲೆನಾಡಿನ ಮಳೆಗೆ, ಆ ಮಳೆ ಬರುವುದು ಅರಬ್ಬೀ ಸಮುದ್ರದಿಂದ. ಕಾಲುವೆಗೆ ಯಾವಾಗ ನೀರು ಬಿಡ್ತಾರೆ ಅಂತ ಕಾಯುವವರಿಗೆ ಆ ಸಮುದ್ರ ದೂರದ್ದಲ್ಲ.

ಸಮುದ್ರದೊಳಗೆ ನೀರು ಹರಿಯುವುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆ. ನಮ್ಮಲ್ಲಿ ಈ ಕೆಲಸ ಹೈದರಾಬಾದಿನ ಇನ್‌ಕಾಯಿಸ್ ಎಂಬ ಸಮುದ್ರ ಮಾಹಿತಿ ಸಂಸ್ಥೆಯದು. ಆ ಲೆಕ್ಕಕ್ಕೆ ಮೊದಲು ಬೇಕಾದದ್ದು ನೀರಿನ ಮೇಲಿನ ಗಾಳಿ. ಗಾಳಿಯ ವೇಗ ಎರಡು ಪಟ್ಟಾದರೆ ನೀರನ್ನು ತಳ್ಳುವ ಬಲ ನಾಲ್ಕು ಪಟ್ಟು. ಅರ್ಧ ದಿನ ಸೆಕೆಂಡಿಗೆ 5 ಮೀಟರ್, ಅರ್ಧ ದಿನ 15 ಮೀಟರ್ ಬೀಸಿತು ಅನ್ನಿ. ಸರಾಸರಿ 10, ಅದರ ವರ್ಗ 100. ಆದರೆ 25 ಮತ್ತು 225ರ ಸರಾಸರಿ 125! ಸರಾಸರಿ ಗಾಳಿ ಕೊಟ್ಟರೆ ಐದರಲ್ಲೊಂದು ಪಾಲು ಬಲ ಮಾಯ.

ಉಪಗ್ರಹದಲ್ಲಿರುವ ಸ್ಕ್ಯಾಟರೋಮೀಟರ್ ಎಂಬ ರೇಡಾರ್, ನೀರಿನ ಮೇಲಿನ ಸೆಂಟಿಮೀಟರ್ ಲೆಕ್ಕದ ಸಣ್ಣ ತೆರೆಗಳಿಂದ ವಾಪಸ್ ಬರುವ ರೇಡಿಯೋ ಅಲೆ ನೋಡಿ ಗಾಳಿ ಅಳೆಯುತ್ತದೆ. ಅಳೆದ ಗಾಳಿ ಅದು, ಆದರೆ ಪಟ್ಟಿ ಪಟ್ಟಿಯಾಗಿ, ಒಂದು ಜಾಗಕ್ಕೆ ದಿನಕ್ಕೆ ಒಂದೆರಡು ಸಲ. ಹವಾಮಾನ ಮುನ್ಸೂಚನೆಯ ಗಾಳಿ ಎಲ್ಲ ಕಡೆ, ಎಲ್ಲ ಹೊತ್ತಿಗೂ ಸಿಗುತ್ತದೆ, ಆದರೆ ಸಣ್ಣ ಸುಳಿಗಳನ್ನು ಸಪಾಟು ಮಾಡಿರುತ್ತದೆ. ಎರಡೂ ಬೇಕು.

ಉಪಗ್ರಹ ಒಂದೇ ಸಾಲದೇ ಅನ್ನುವವರು ಈ ಕತೆ ಕೇಳಬೇಕು. 1997ರಲ್ಲಿ ಜಪಾನಿನ ಉಪಗ್ರಹವೊಂದು ಕೆಟ್ಟಿತು, ಅದರೊಂದಿಗೆ ಅಮೆರಿಕದ ಗಾಳಿ ರೇಡಾರೂ ಹೋಯಿತು. ತೆರವು ತುಂಬಲು ಅವಸರದಲ್ಲಿ ಕಟ್ಟಿದ್ದು ಕ್ವಿಕ್‌ಸ್ಕ್ಯಾಟ್. 1999ರಲ್ಲಿ ಹಾರಿತು. ಗಿರಗಿರ ತಿರುಗುವ ಒಂದು ಮೀಟರಿನ ತಟ್ಟೆ ಅದರದು. ಕೆಲವೇ ವರ್ಷಕ್ಕೆಂದು ಮಾಡಿದ್ದು ಹತ್ತು ವರ್ಷ ದುಡಿಯಿತು! 2009ರ ನವೆಂಬರಿನಲ್ಲಿ ಬೇರಿಂಗ್ ಸವೆದು ತಟ್ಟೆ ನಿಂತಿತು. ಎರಡೇ ತಿಂಗಳ ಹಿಂದೆ ಇಸ್ರೋ ಓಷನ್‌ಸ್ಯಾಟ್-2 ಹಾರಿಸಿತ್ತು, ಅದರಲ್ಲೂ ಇಂಥದೇ ರೇಡಾರ್. ಅದೂ 2014ರಲ್ಲಿ ನಿಂತಿತು. ಮುಂದಿನ ಸ್ಕ್ಯಾಟ್‌ಸ್ಯಾಟ್-1 ಬಂದದ್ದು 2016ಕ್ಕೆ. ಒಂದೇ ಉಪಗ್ರಹ ನಂಬಿ ಕೂತರೆ ಬೇರಿಂಗ್ ನಿಂತ ದಿನವೇ ಲೆಕ್ಕವೂ ನಿಲ್ಲುತ್ತದೆ. ಅದಕ್ಕೇ ಹೇಳಿದ್ದು, ಎರಡೂ ಬೇಕು.

ಕೂಡಿಸುವುದು ಹೇಗೆ? ಸಮಯ ಆಯ್ತು ಅಂತ ಒಳಗಿಂದ ಕೈ ತೋರಿಸುತ್ತಿದ್ದಾರೆ, ಬೇಗ ಹೇಳುತ್ತೇನೆ. ಕೌದಿಗೆ ತುಂಡು ಹಚ್ಚಿದ ಹಾಗೆ ಹಚ್ಚಬಾರದು. ಹಚ್ಚಿದರೆ ಪಟ್ಟಿಯ ಅಂಚಿನಲ್ಲಿ ಗಾಳಿ ಒಮ್ಮೆಲೇ ಬದಲಾಗುತ್ತದೆ. ಕಂಪ್ಯೂಟರ್ ಅದನ್ನು ಗಾಳಿಯ ಸುಳಿಯೆಂದು ತಿಳಿದು, ಅಂಚಿನುದ್ದಕ್ಕೂ ಆಳದ ತಣ್ಣೀರನ್ನು ಮೇಲೆಳೆದು ತೋರಿಸುತ್ತದೆ. ಸಮುದ್ರದಲ್ಲಿ ಅಂಥ ತಣ್ಣೀರೇ ಇರುವುದಿಲ್ಲ. ಹಾಗಾಗಿ ಉಪಗ್ರಹ ಹಾದ ಹೊತ್ತಿನ ಮುನ್ಸೂಚನೆ ತೆಗೆದುಕೊಳ್ಳಿ, ಎರಡನ್ನೂ 10 ಮೀಟರ್ ಎತ್ತರದ ಗಾಳಿಗೆ ತನ್ನಿ. ಮಳೆಯಲ್ಲಿ ಕೆಟ್ಟ ಅಳತೆಗಳನ್ನು ತೆಗೆದುಹಾಕಿ. ಉಳಿದದ್ದರಲ್ಲಿ ಉಪಗ್ರಹಕ್ಕೂ ಮುನ್ಸೂಚನೆಗೂ ಇರುವ ವ್ಯತ್ಯಾಸ ಎಷ್ಟು ನೋಡಿ, ಆ ವ್ಯತ್ಯಾಸವನ್ನಷ್ಟೇ ದೂರ ಹೋದಂತೆ ಕಡಿಮೆ ಮಾಡುತ್ತಾ ಸುತ್ತಲೂ ಹರಡಿ ಮುನ್ಸೂಚನೆಗೆ ಕೂಡಿಸಿ. ಬಲಕ್ಕಾಗಿ ಗಾಳಿಯ ವೇಗದ ವರ್ಗ ಹಾಕುವುದು ಆಮೇಲೆ, ಪ್ರತಿ ಹೊತ್ತಿಗೂ ಬೇರೆ ಬೇರೆ. ದಿನದ ಸರಾಸರಿ ಮಾಡಿ ವರ್ಗ ಹಾಕುವವರು ಇನ್ನೂ ಇದ್ದಾರೆ, ಏನು ಹೇಳೋದು! ದಡದ ಹತ್ತಿರ ನೆಲದ ಪ್ರತಿಧ್ವನಿ ಬೆರೆತು ರೇಡಾರ್ ಕೆಡುತ್ತದೆ, ಅಲ್ಲಿ ಮುನ್ಸೂಚನೆಯದೇ ಆಸರೆ. ನಮಸ್ಕಾರ.